ಸೋತ ಮೇಲೂ ನಮ್ಮವರೇ: ಪಾಪಿನಾಯಕನಹಳ್ಳಿ ಸೀಮೆಯ ಕ್ರೀಡಾಭಿಮಾನದ ಚರಿತ್ರೆ

1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರು. ಎ.ಜಿ. ರಾಮ್ ಸಿಂಗ್ 11 ವಿಕೆಟ್ ಕಿತ್ತರು. ಮೈಸೂರು ಒಂದೇ ದಿನದಲ್ಲಿ ಇನಿಂಗ್ಸ್ ಸೋಲು ಕಂಡಿತು. ಹೊಸಪೇಟೆ–ಬಳ್ಳಾರಿ ರಸ್ತೆಯ ಮೇಲಿನ ಪಾಪಿನಾಯಕನಹಳ್ಳಿ, ಸುತ್ತಲಿನವರ ಬಾಯಲ್ಲಿ ಪಿ.ಕೆ.ಹಳ್ಳಿ, ಅಂದು ಯಾವ ಪಕ್ಷದ್ದು? ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆಡಳಿತದ ಲೆಕ್ಕದಲ್ಲಿ ಊರು ಗೆದ್ದವರ ಕಡೆ, ಮನೆಮಾತಿನ ಲೆಕ್ಕದಲ್ಲಿ ಸೋತವರ ಕಡೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ನಲವತ್ತು ವರ್ಷಗಳೊಳಗೆ ಈ ಊರಿನವರು 'ನಮ್ಮ ತಂಡ' ಎನ್ನಬಹುದಾದ ಹೆಸರು ಎರಡು ಸಲ ಬದಲಾಯಿತು.

ತಾನು ಆಡದ ಆಟದ ಗೆಲುವನ್ನು ಅಭಿಮಾನಿ ತನ್ನದೆಂದು ಹೇಗೆ ಬಗೆಯುತ್ತಾನೆ ಎಂಬುದು ಮನಶ್ಶಾಸ್ತ್ರದ ಹಳೆಯ ಪ್ರಶ್ನೆ. ಅಮೆರಿಕದ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು ಏಳು ವಿಶ್ವವಿದ್ಯಾಲಯಗಳಲ್ಲಿ ಇದನ್ನು ಪರೀಕ್ಷಿಸಿದರು. ಕಾಲೇಜು ತಂಡ ಫುಟ್‌ಬಾಲ್‌ನಲ್ಲಿ ಗೆದ್ದ ವಾರ, ಸೋಮವಾರದ ತರಗತಿಗೆ ಕಾಲೇಜಿನ ಹೆಸರಿನ ಅಂಗಿ ತೊಟ್ಟು ಬರುವವರು ಹೆಚ್ಚುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ ಕೇಳಿದರೆ 'ನಾವು' ಎನ್ನುವುದು ಹೆಚ್ಚು, ಸೋತ ಪಂದ್ಯಕ್ಕೆ 'ಅವರು'. 1976ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನಾದ್ಯಂತ ಉಲ್ಲೇಖಗೊಂಡಿದೆ. ನಮ್ಮ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂಬುದು ನನ್ನ ನಿಲುವು. ಇಲ್ಲಿನ ಅಭಿಮಾನ ಗೆಲುವನ್ನು ಕಾದು ಕುಳಿತದ್ದಲ್ಲ.

1520ರ ಸುಮಾರಿಗೆ ಪಕ್ಕದ ವಿಜಯನಗರಕ್ಕೆ, ಎಂದರೆ ಇಂದಿನ ಹಂಪಿಗೆ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಪೆಟ್ಟುಗಳು; ಸಮಬಲರನ್ನು ಜೋಡಿ ಮಾಡಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರು, ತೀರ್ಪುಗಾರರು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆ ಜಟ್ಟಿಗಳು ಇಂದಿಗೂ ಪಟ್ಟು ಹಿಡಿದು ನಿಂತಿದ್ದಾರೆ. ಪಾಯೆಸನ ವಿವರಣೆಯಲ್ಲಿ ಸಾಮಾನ್ಯವಾಗಿ ಯಾರೂ ನಿಂತು ನೋಡದ ಒಂದು ಸಂಗತಿಯಿದೆ: ಮಾತೂ ಹೊರಡದಷ್ಟು ಜರ್ಜರಿತನಾದ ಮಲ್ಲನನ್ನು ಅವನ ಗೆಳೆಯರು ಹೊತ್ತೊಯ್ಯುತ್ತಿದ್ದರು. ಆ ಗೆಳೆಯರ ಹೆಸರು ಯಾವ ಶಾಸನದಲ್ಲೂ ಇಲ್ಲ. ಈ ನೆಲದ ಕ್ರೀಡಾಭಿಮಾನಿಯ ಅತ್ಯಂತ ಹಳೆಯ ಲಿಖಿತ ಚಿತ್ರ ಅವರದೇ ಎಂದು ನಾನು ಭಾವಿಸುತ್ತೇನೆ.

ಸೋತವನನ್ನು ಬಿಟ್ಟುಕೊಡದ ಈ ಗುಣಕ್ಕೆ ಇನ್ನೂ ಹಿಂದಿನ ಬೇರೊಂದಿದೆ. ಕಂಪಿಲಿ ರಾಜ್ಯ 1327ರ ಹೊತ್ತಿಗೆ ದೆಹಲಿಯ ಸೈನ್ಯಕ್ಕೆ ಬಿತ್ತು. ಆ ಯುದ್ಧದಲ್ಲಿ ಮಡಿದ ರಾಜಕುಮಾರ ಕುಮಾರರಾಮ ಕಾವ್ಯಗಳಿಗೂ ಜನಪದ ಹಾಡುಗಳಿಗೂ ನಾಯಕನಾದ, ಪೂಜೆಗೂ ಪಾತ್ರನಾದ. ಅವನ ಕಥೆ ತಿರುವು ಪಡೆಯುವುದೂ ಆಟದಲ್ಲೇ: ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ರಣರಂಗದ ಭಕ್ತಿಗೂ ಆಟದ ಅಭಿಮಾನಕ್ಕೂ ನೇರ ನಂಟು ಕಟ್ಟುವುದು ದುಡುಕಾದೀತು. ಆದರೂ ಪರಾಭವಗೊಂಡವನನ್ನು ಆರುನೂರು ವರ್ಷಗಳಿಗೂ ಮಿಕ್ಕಿ 'ನಮ್ಮ ರಾಮ' ಎಂದು ಕಾಪಾಡಿಕೊಂಡ ಸೀಮೆ ಇದೆಂಬುದನ್ನು ಮರೆತು ಇಲ್ಲಿನ ಅಭಿಮಾನವನ್ನು ಅರಿಯಲಾಗದು.

ಮುಂದೆ ಈ ಗುಣವನ್ನು ಉಳಿಸಿಕೊಂಡದ್ದು ಗರಡಿಮನೆ. ಹೊಸಪೇಟೆಯ ಕೇರಿಗಳಲ್ಲಿ ಪೈಲ್ವಾನ ಒಬ್ಬಂಟಿಯಲ್ಲ. ಅವನ ಹಾಲು-ಬಾದಾಮಿಗೆ ಕೇರಿಯ ಕೈ ಸೇರಿರುತ್ತದೆ, ಅಖಾಡದಲ್ಲಿ ಅವನ ಹೆಸರಿನ ಜೊತೆ ಊರಿನ ಹೆಸರನ್ನೂ ಕೂಗುತ್ತಾರೆ. ಅವನು ಚಿತ್ತಾದರೆ ಚಿತ್ತಾಗುವುದು ಊರು. ಹಂಪಿ ಉತ್ಸವದ ಕುಸ್ತಿಯಲ್ಲಿ ಈ ಕೂಗು ಇಂದಿಗೂ ಕೇಳಿಸುತ್ತದೆ.

ತಂಡದ ಆಟಕ್ಕೆ ಇದೇ ಮನಸ್ಸು ಹರಿದು ಬಂದದ್ದು ನಿಧಾನವಾಗಿ. ಕರ್ನಾಟಕ ಎಂಬ ಹೆಸರು ಬಂದ ಋತುವಿನಲ್ಲೇ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯ ಓಟ ನಿಂತಿತು. ಭದ್ರಾವತಿಯ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಹೊಡೆದಿದ್ದರು. ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಕರ್ನಾಟಕ ಮೊದಲ ಬಾರಿ ರಣಜಿ ಎತ್ತಿತು. ಹೊಸ ನಾಡಿನ ಹೆಸರು ಮೈದಾನದಲ್ಲಿ ಇಷ್ಟು ಬೇಗ ಗೆದ್ದದ್ದು ನಮ್ಮ ಏಕೀಕರಣದ ಚರಿತ್ರೆಯಲ್ಲಿ ಇನ್ನೂ ಸರಿಯಾಗಿ ದಾಖಲಾಗಿಲ್ಲ.

ಚಿಯಾಲ್ಡಿನಿಯವರ ವಾದಕ್ಕೆ ನಿಜವಾದ ಸವಾಲು ಬಂದದ್ದು 2008ರ ನಂತರ. ಐಪಿಎಲ್‌ನ ರಾಯಲ್ ಚಾಲೆಂಜರ್ಸ್ ಬೆಂಗಳೂರು ಮದ್ಯದ ಬ್ರಾಂಡಿನ ಹೆಸರು ಹೊತ್ತ, ಹರಾಜಿನಲ್ಲಿ ಕೊಂಡ ಆಟಗಾರರ ತಂಡ. 2009ರ ಫೈನಲ್‌ನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಪಡೆದರೂ 6 ರನ್ನಿಂದ ಸೋಲು. 2011ರಲ್ಲಿ ಚೆನ್ನೈನಲ್ಲಿ, 2016ರಲ್ಲಿ ತವರಿನಲ್ಲೇ ಫೈನಲ್ ಸೋಲು. 2017ರ ಒಂದು ಪಂದ್ಯದಲ್ಲಿ 49ಕ್ಕೆ ಆಲೌಟ್. ಪ್ರತಿ ಬೇಸಿಗೆಯಲ್ಲೂ 'ಈ ಸಲ ಕಪ್ ನಮ್ದೇ' ಎಂಬ ಘೋಷಣೆ ಮಾತ್ರ ನಿಲ್ಲಲಿಲ್ಲ; ಅಮೆರಿಕದ ಆ ವಿದ್ಯಾರ್ಥಿಗಳಂತೆ ಸೋಲಿನ ದಿನ 'ಅವರು' ಎಂದು ಕೈತೊಳೆದುಕೊಂಡವರು ಇಲ್ಲಿ ಕಡಿಮೆ. ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೂಂಬ್ 1990ರಲ್ಲೇ ತೋರಿಸಿದ್ದರು: ತಂಡದೊಂದಿಗೆ ಗಾಢವಾಗಿ ಬೆರೆತವರು ಸೋಲಿನಲ್ಲಿ ದೂರ ಸರಿಯುವುದಿಲ್ಲ. ದೆಹಲಿಯ ಕೊಹ್ಲಿ 18 ಋತು ಇದೇ ತಂಡದಲ್ಲಿ ಉಳಿದು ಆ ಬೆಸುಗೆಗೆ ಮುಖವಾದರು. 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಮಹಿಳೆಯರು ಮೊದಲ ಕಪ್ ತಂದರು. ಪುರುಷರು 2025ರ ಜೂನ್ 3ರಂದು ಗೆದ್ದರು, ಅಂತರ ಮತ್ತೆ 6 ರನ್. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಇಷ್ಟು ವರ್ಷ ಕಾದು ನಿಂತ ಜನರನ್ನು ಕಾಪಾಡಿಕೊಳ್ಳುವ ಏರ್ಪಾಡು ಇರಲಿಲ್ಲ ಎಂಬ ನೋವು ಈ ಚರಿತ್ರೆಯಿಂದ ಎಂದಿಗೂ ಅಳಿಯದು.

ಹಾಗಾದರೆ ಊರಿನ ಹೆಸರಿಟ್ಟರೆ ಸಾಕೇ? ಕರ್ನಾಟಕ ಪ್ರೀಮಿಯರ್ ಲೀಗ್‌ನ ಬಳ್ಳಾರಿ ಟಸ್ಕರ್ಸ್ ಕಥೆ ಸಾಕಾಗದು ಎನ್ನುತ್ತದೆ. 2019ರ ಟೂರ್ನಿ ನಡೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಫೈನಲ್‌ನಲ್ಲಿ ಟಸ್ಕರ್ಸ್ ಹುಬ್ಬಳ್ಳಿ ಟೈಗರ್ಸ್‌ಗೆ 8 ರನ್ನಿಂದ ಸೋತಿತು. ಕೆಲವೇ ತಿಂಗಳಲ್ಲಿ ಅದೇ ಪಂದ್ಯದ ಫಿಕ್ಸಿಂಗ್ ಆರೋಪದ ಮೇಲೆ ತಂಡದ ಇಬ್ಬರು ಆಟಗಾರರ ಬಂಧನವಾಯಿತು. ಹೊಸಪೇಟೆ, ಕಂಪ್ಲಿ, ಸಂಡೂರಿನ ಹುಡುಗರಿಗೆ ಆ ತಂಡದ ಸೋಲನ್ನು ಹೊತ್ತು ನಡೆಯಲು ಸಮಯವೂ ಸಿಗಲಿಲ್ಲ, ಕಾರಣವೂ ಉಳಿಯಲಿಲ್ಲ. ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಪಿ.ಕೆ.ಹಳ್ಳಿಯ ರಸ್ತೆಯಲ್ಲೇ ಮುಂದೆ ಸಿಗುವ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿರುವ ಜೆಎಸ್‌ಡಬ್ಲ್ಯು 2013ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಕಟ್ಟಿತು. 2018ರಲ್ಲಿ ತೋರಣಗಲ್ಲಿನಲ್ಲೇ ಕ್ರೀಡಾ ತರಬೇತಿ ಸಂಸ್ಥೆಯನ್ನೂ ತೆರೆಯಿತು. ತಂಡದ ಹಾಡು, ಡೋಲು, ಬ್ಯಾನರು ಮಾತ್ರ ಕಂಠೀರವ ಕ್ರೀಡಾಂಗಣದ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳದು. ತಂಡ ಎಲ್ಲಿ ಆಡುತ್ತದೋ ಅಲ್ಲಿ ಅಭಿಮಾನ ಬೇರೂರುತ್ತದೆ.

ವಿಜಯನಗರ ಜಿಲ್ಲೆ 2021ರಲ್ಲಿ ಹುಟ್ಟಿತು. ಮರುವರ್ಷ ಶುರುವಾದ ರಾಜ್ಯದ ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬಳ್ಳಾರಿಯೂ ಇರಲಿಲ್ಲ, ವಿಜಯನಗರವೂ ಇರಲಿಲ್ಲ. ಈ ಜಿಲ್ಲೆಯ ಹೆಸರಿನಲ್ಲಿ ತಂಡ ಕಟ್ಟಲು ಮುಂದೆ ಯಾರಾದರೂ ಬಂದರೆ, ಅದರ ಮೊದಲ ಪಂದ್ಯವನ್ನು ಹೊಸಪೇಟೆಯಲ್ಲೇ ಆಡಿಸಲಿ, ಸೋತರೂ ಪರವಾಗಿಲ್ಲ.