ಕೈದಿ ನಂಬರ್ 9653ರಿಂದ ನ್ಯೂಯಾರ್ಕ್ ಮೇಯರ್‌ವರೆಗೆ: ಅಮೆರಿಕದಲ್ಲಿ ‘ಸೋಷಿಯಲಿಸಂ’ ಅನ್ನೋ ಪದದ ಕಥೆ

 

ಇವತ್ತಿನ ಕಥೆ ಶುರುವಾಗೋದು 1920ರ ಅಮೆರಿಕದಲ್ಲಿ. ಆ ವರ್ಷದ ಅಧ್ಯಕ್ಷೀಯ ಚುನಾವಣೆಗೆ ಒಂದು ಬ್ಯಾಡ್ಜ್ ಬಂದಿತ್ತು. ಅಭ್ಯರ್ಥಿಯ ಫೋಟೋ, ಜೊತೆಗೆ ಅವರ ಕೈದಿ ನಂಬರ್: 9653. ಹೌದು, ಅಭ್ಯರ್ಥಿ ಜೈಲಲ್ಲಿದ್ರು. ಹೆಸರು ಯೂಜೀನ್ ಡೆಬ್ಸ್. ಇಂಡಿಯಾನಾ ರಾಜ್ಯದವರು, ರೈಲ್ವೆ ಕಾರ್ಮಿಕರ ನಾಯಕ, ಸೋಷಿಯಲಿಸ್ಟ್ ಪಾರ್ಟಿಯ ಮುಖ. 1918ರ ಜೂನ್‌ನಲ್ಲಿ ಒಹಾಯೋದ ಕ್ಯಾಂಟನ್ ಊರಲ್ಲಿ ಮೊದಲನೇ ಮಹಾಯುದ್ಧವನ್ನ ವಿರೋಧಿಸಿ ಭಾಷಣ ಮಾಡಿದ್ದೇ ಅವರ ಅಪರಾಧ. ಅದಕ್ಕೆ 10 ವರ್ಷ ಶಿಕ್ಷೆ. ಅಟ್ಲಾಂಟಾ ಜೈಲಿನಿಂದ ಒಂದೂರಿಗೂ ಪ್ರಚಾರಕ್ಕೆ ಹೋಗೋಕಾಗದೆ ಕೂತಿದ್ದ ಈ ಮನುಷ್ಯನಿಗೆ ಬಿದ್ದ ಓಟು 9 ಲಕ್ಷಕ್ಕೂ ಹೆಚ್ಚು.

ಈಗ 105 ವರ್ಷ ಮುಂದಕ್ಕೆ ಬನ್ನಿ. 2025ರ ನವೆಂಬರ್ 4ರ ರಾತ್ರಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದ ಜೊಹ್ರಾನ್ ಮಮ್ದಾನಿ ವೇದಿಕೆ ಹತ್ತಿದ್ರು. ಭಾಷಣದ ಆರಂಭದಲ್ಲೇ ಅವರು ನೆನೆದಿದ್ದು ಇದೇ ಡೆಬ್ಸ್ ಅವರನ್ನ. ಶಿಕ್ಷೆ ಪ್ರಕಟವಾಗೋ ದಿನ ಡೆಬ್ಸ್ ಕೋರ್ಟಲ್ಲಿ ಆಡಿದ್ದ ಮಾತನ್ನ, ಗೆದ್ದ ರಾತ್ರಿ ಈ ಹುಡುಗ ಆಡಿದ್ರು.

ಇವೆರಡರ ಮಧ್ಯೆ ಏನಾಯ್ತು? ಜೈಲಿಗೆ ಕಳಿಸಿದ ಪದ ಯಾವಾಗ ಬೈಗುಳ ಆಯ್ತು, ಬೈಗುಳ ಯಾವಾಗ ಬ್ಯಾಡ್ಜ್ ಆಯ್ತು? ನಾನು ಓದಿದ್ದು ಬಿ.ಕಾಂ. ನಮಗೆ ಬಂಡವಾಳಶಾಹಿ, ಸಮಾಜವಾದ, ಮಿಶ್ರ ಆರ್ಥಿಕತೆ ಅಂದ್ರೆ ಮೂರು ಕಾಲಂ, ಐದು ಮಾರ್ಕ್ಸಿನ ಪ್ರಶ್ನೆ, ಅಷ್ಟೇ. ಆದ್ರೆ ಅಮೆರಿಕದ ಈ ಕಥೆ ಮೂರು ಕಾಲಂಗೆ ಬಗ್ಗೋದಲ್ಲ.

ಮೊದಲು ಒಂದು ತಪ್ಪುಕಲ್ಪನೆ ಬಿಡಬೇಕು. ಅಮೆರಿಕಕ್ಕೂ ಸೋಷಿಯಲಿಸಂಗೂ ಎಣ್ಣೆ-ಸೀಗೇಕಾಯಿ ಸಂಬಂಧ, ಅದು ಆ ನೆಲದ್ದೇ ಅಲ್ಲ ಅಂತ ನಾವು ಅಂದುಕೊಂಡಿರ್ತೀವಿ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಎದೆ ಮೇಲೆ ಕೈಯಿಟ್ಟು ಹೇಳೋ ಧ್ವಜ ಪ್ರತಿಜ್ಞೆ ಇದೆಯಲ್ಲ, ಅದನ್ನ 1892ರಲ್ಲಿ ಬರೆದ ಫ್ರಾನ್ಸಿಸ್ ಬೆಲ್ಲಮಿ ಒಬ್ಬ ಕ್ರೈಸ್ತ ಪಾದ್ರಿ ಮತ್ತು ಸೋಷಿಯಲಿಸ್ಟ್! 1912ರ ಚುನಾವಣೆಯಲ್ಲಿ ಡೆಬ್ಸ್‌ಗೆ ಬಿದ್ದಿದ್ದು ಸುಮಾರು 9 ಲಕ್ಷ ಓಟು, ಅಂದ್ರೆ ಶೇ. 6. ಇವತ್ತು ಕಡುಬಲಪಂಥೀಯ ರಾಜ್ಯ ಅನ್ನಿಸಿಕೊಳ್ಳೋ ಓಕ್ಲಹೋಮಾದಲ್ಲಿ ಅವರಿಗೆ ಸಿಕ್ಕಿದ್ದು ಶೇ. 16ಕ್ಕೂ ಹೆಚ್ಚು. ಓಟು ಹಾಕಿದವರಲ್ಲಿ ಬಹಳ ಜನ ಸಾಲ ಮತ್ತು ಗುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ ಬಡ ರೈತರು.

ಅಧಿಕಾರವೂ ಸಿಕ್ಕಿತ್ತು. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರ 1910ರಲ್ಲಿ ಸೋಷಿಯಲಿಸ್ಟ್ ಮೇಯರ್ ಒಬ್ಬರನ್ನ ಆರಿಸಿತು. ಆಮೇಲೆ ಬಂದ ಡೇನಿಯಲ್ ಹೋನ್ 1916ರಿಂದ 1940ರವರೆಗೆ, ಬರೋಬ್ಬರಿ 24 ವರ್ಷ ಮೇಯರ್! ಕ್ರಾಂತಿ ಮಾಡಿದ್ರಾ? ಇಲ್ಲ. ಚರಂಡಿ ಕಟ್ಟಿಸಿದ್ರು, ಶುದ್ಧ ನೀರು ಕೊಟ್ರು, ಪಾರ್ಕು ಮಾಡಿಸಿದ್ರು, ಲಂಚ ತಡೆದ್ರು. ಬೇರೆ ಊರಿನ ಸೋಷಿಯಲಿಸ್ಟರೇ ಇವರನ್ನ ‘ಚರಂಡಿ ಸೋಷಿಯಲಿಸ್ಟರು’ ಅಂತ ಗೇಲಿ ಮಾಡ್ತಿದ್ರು. ಮಿಲ್ವಾಕಿಯವರು ಬೇಜಾರು ಮಾಡ್ಕೊಳ್ಳಲಿಲ್ಲ. ಚರಂಡಿ ಚೆನ್ನಾಗಿದ್ರೆ ಕಾಯಿಲೆ ಕಮ್ಮಿ, ಓಟು ಜಾಸ್ತಿ.

ಇಲ್ಲೇ ನಮಗೂ ಒಂದು ಕೊಂಡಿ ಇದೆ. ಜಯಪ್ರಕಾಶ್ ನಾರಾಯಣ್ 1922ರಲ್ಲಿ ಓದೋಕೆ ಅಮೆರಿಕಕ್ಕೆ ಹೋದ್ರು, 7 ವರ್ಷ ಇದ್ರು. ಅವರು ಮಾರ್ಕ್ಸ್‌ವಾದಿ ಆಗಿದ್ದು ಮಾಸ್ಕೋದಲ್ಲಲ್ಲ, ಇದೇ ವಿಸ್ಕಾನ್ಸಿನ್‌ನ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿಂದ ಸುಮಾರು 130 ಕಿಲೋಮೀಟರ್ ದೂರದ ಮಿಲ್ವಾಕಿಯಲ್ಲಿ ಆಗ ಹೋನ್ ಆಡಳಿತ. ವಾಪಸ್ ಬಂದ ಜೆಪಿ 1934ರಲ್ಲಿ ಕಾಂಗ್ರೆಸ್ ಸೋಷಿಯಲಿಸ್ಟ್ ಪಾರ್ಟಿ ಕಟ್ಟಿದವರಲ್ಲಿ ಒಬ್ಬರು. ಆ ಪಕ್ಷದ ದೊಡ್ಡ ನಾಯಕಿಯಾದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅಂದ್ರೆ ನಮ್ಮ ಸಮಾಜವಾದದ ಒಂದು ಬೇರು ಅಮೆರಿಕದ ಮಣ್ಣಲ್ಲೂ ಇದೆ.

ಸರಿ, ಇಷ್ಟು ಓಟಿದ್ದ ಪಕ್ಷಕ್ಕೆ ಏನಾಯ್ತು? ಎರಡು ಹೊಡೆತ ಬಿತ್ತು.

ಒಂದು, ಭಯ. 1917ರಲ್ಲಿ ರಷ್ಯಾ ಕ್ರಾಂತಿ ಆಯ್ತು. ಅದೇ ವರ್ಷ ಅಮೆರಿಕ ಯುದ್ಧಕ್ಕಿಳಿದು ಬೇಹುಗಾರಿಕೆ ಕಾಯ್ದೆ ತಂತು. ಡೆಬ್ಸ್ ಜೈಲಿಗೆ ಹೋಗಿದ್ದು ಈ ಕಾಯ್ದೆಯಲ್ಲೇ. ಮಿಲ್ವಾಕಿಯ ಜನ ಸಂಸತ್ತಿಗೆ ಆರಿಸಿ ಕಳಿಸಿದ್ದ ವಿಕ್ಟರ್ ಬರ್ಗರ್ ಅವರಿಗೆ ಸಂಸತ್ತು ಸೀಟೇ ಕೊಡಲಿಲ್ಲ. ಮರುಚುನಾವಣೆ ನಡೀತು, ಅದೇ ಬರ್ಗರ್ ಗೆದ್ದು ಬಂದ್ರು, ಮತ್ತೆ ಬಾಗಿಲು ಹಾಕಿದ್ರು. 1920ರಲ್ಲಿ ನ್ಯೂಯಾರ್ಕ್ ವಿಧಾನಸಭೆ ಚುನಾಯಿತ 5 ಸೋಷಿಯಲಿಸ್ಟ್ ಸದಸ್ಯರನ್ನ ಹೊರಗೆ ಹಾಕ್ತು. ಜೊತೆಗೆ ಪಕ್ಷವೂ ಒಳಗೇ ಒಡೀತು. ಒಂದು ಗುಂಪು ಕಮ್ಯುನಿಸ್ಟರಾಗಿ ಹೊರಗೆ ಹೋಯ್ತು.

ಎರಡನೇ ಹೊಡೆತ ಪ್ರೀತಿಯದ್ದು! 1929ರಲ್ಲಿ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಬಂತು. 1932ರಲ್ಲಿ ಸೋಷಿಯಲಿಸ್ಟ್ ಅಭ್ಯರ್ಥಿ ನಾರ್ಮನ್ ಥಾಮಸ್‌ಗೆ 8.8 ಲಕ್ಷ ಓಟು ಬಿತ್ತು. ಆದ್ರೆ ಗೆದ್ದ ಫ್ರಾಂಕ್ಲಿನ್ ರೂಸ್ವೆಲ್ಟ್, ಸೋಷಿಯಲಿಸ್ಟರು ವರ್ಷಗಟ್ಟಲೆ ಕೇಳ್ತಿದ್ದ ಹಲವು ಬೇಡಿಕೆಗಳನ್ನ ತಾವೇ ಕಾನೂನು ಮಾಡಿದ್ರು. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ, ಅಂದ್ರೆ ವೃದ್ಧಾಪ್ಯ ಪಿಂಚಣಿ ಮತ್ತು ನಿರುದ್ಯೋಗ ವಿಮೆ. 1938ರಲ್ಲಿ ಕನಿಷ್ಠ ಕೂಲಿ, ಬಾಲಕಾರ್ಮಿಕರ ಮೇಲೆ ನಿರ್ಬಂಧ. ಇದರ ಮಧ್ಯೆ 1936ರಲ್ಲಿ ಥಾಮಸ್‌ಗೆ ಬಿದ್ದ ಓಟು? 1.9 ಲಕ್ಷಕ್ಕಿಂತ ಕಡಿಮೆ. ಅಂಗಡಿಯ ಮಾಲೆಲ್ಲ ಖರ್ಚಾಯ್ತು, ಲಾಭ ಮಾತ್ರ ಎದುರಂಗಡಿಗೆ ಹೋಯ್ತು.

ಇಲ್ಲಿಂದ ಶುರುವಾಗುತ್ತೆ ಅಸಲಿ ವಿಚಿತ್ರ. ಸೌಲಭ್ಯ ಎಲ್ಲರಿಗೂ ಬೇಕು, ಅದರ ಹೆಸರು ಮಾತ್ರ ಬೇಡ. ಎರಡನೇ ಮಹಾಯುದ್ಧ ಮುಗಿದು ಸೋವಿಯತ್ ಜೊತೆ ಶೀತಲ ಸಮರ ಶುರುವಾದ್ಮೇಲೆ ಸೋಷಿಯಲಿಸಂ, ಕಮ್ಯುನಿಸಂ ಎರಡೂ ಒಂದೇ ಪದದ ಥರ ಆದ್ವು. ಸೆನೆಟರ್ ಮೆಕಾರ್ಥಿ ಕಾಲದಲ್ಲಿ ಸರ್ಕಾರಿ ನೌಕರರು, ಮೇಷ್ಟ್ರುಗಳು, ಸಿನಿಮಾದವರು ಬರೀ ಅನುಮಾನಕ್ಕೆ ಕೆಲಸ ಕಳ್ಕೊಂಡ್ರು. ಅಧ್ಯಕ್ಷ ಟ್ರೂಮನ್ 1952ರಲ್ಲಿ ಸಿರಾಕ್ಯೂಸ್ ಊರಲ್ಲಿ ಮಾತಾಡ್ತಾ ಇದನ್ನ ನೇರವಾಗಿ ಹೇಳಿದ್ರು: ಕಳೆದ 20 ವರ್ಷದಲ್ಲಿ ಜನರಿಗೆ ಒಳ್ಳೇದಾದ ಪ್ರತಿಯೊಂದು ಕೆಲಸಕ್ಕೂ ವಿರೋಧಿಗಳು ಈ ಹಣೆಪಟ್ಟಿ ಅಂಟಿಸಿದ್ದಾರೆ ಅಂತ.

ಉದಾಹರಣೆ ಬೇಕಾ? 1961ರಲ್ಲಿ ಅಮೆರಿಕದ ವೈದ್ಯರ ಸಂಘ ಒಂದು ಗ್ರಾಮಫೋನ್ ರೆಕಾರ್ಡ್ ಹೊರತಂತು. ಆ ಕಾಲದ ಪಾಡ್‌ಕಾಸ್ಟ್ ಅನ್ನಿ. ವೈದ್ಯರ ಹೆಂಡತಿಯರು ಅಕ್ಕಪಕ್ಕದವರನ್ನ ಕಾಫಿಗೆ ಕರೆದು ಅದನ್ನ ಕೇಳಿಸ್ತಿದ್ರು. ವೃದ್ಧರಿಗೆ ಸರ್ಕಾರಿ ಆರೋಗ್ಯ ವಿಮೆ ಬಂದ್ರೆ ದೇಶ ಸೋಷಿಯಲಿಸಂ ಕಡೆ ಜಾರುತ್ತೆ ಅನ್ನೋದು ಅದರ ಸಾರ. ದನಿ ಕೊಟ್ಟವರು ನಟ ರೊನಾಲ್ಡ್ ರೇಗನ್. 1965ರಲ್ಲಿ ಆ ವಿಮೆ, ಅಂದ್ರೆ ಮೆಡಿಕೇರ್, ಬಂದೇ ಬಂತು. 1981ರಿಂದ ಅದೇ ರೇಗನ್ 8 ವರ್ಷ ಅಧ್ಯಕ್ಷರಾಗಿದ್ರು. ಮೆಡಿಕೇರ್ ಮುಚ್ಚಿದ್ರಾ? ಇಲ್ಲ. ಅಷ್ಟೊತ್ತಿಗೆ ಅದು ಎಲ್ಲರ ಮನೆಯ ಅಜ್ಜಿ-ತಾತನ ಆಸ್ಪತ್ರೆ ಖರ್ಚಿನ ಪ್ರಶ್ನೆ ಆಗಿತ್ತು.

ಹಾಗಂತ ಭಯವೆಲ್ಲ ಸುಳ್ಳು ಅನ್ನೋಕಾಗಲ್ಲ. ಸ್ಟಾಲಿನ್ ಕಾಲದ ಶಿಬಿರಗಳು, ಪೂರ್ವ ಯುರೋಪಿನ ಮುಚ್ಚಿದ ಗಡಿಗಳು ನಿಜ. ಕ್ಯೂಬಾ ಬಿಟ್ಟು ಮಯಾಮಿಗೆ ಬಂದ ಕುಟುಂಬಕ್ಕೆ, ವೆನೆಜುವೆಲಾ ಬಿಟ್ಟು ಬಂದವರಿಗೆ ಸೋಷಿಯಲಿಸಂ ಅಂದ್ರೆ ಬಸ್ ಪಾಸ್ ನೆನಪಾಗಲ್ಲ. ಬಿಟ್ಟು ಬಂದ ಮನೆ, ಜೈಲಿಗೆ ಹೋದ ಅಣ್ಣ ನೆನಪಾಗ್ತಾರೆ. ಫ್ಲೋರಿಡಾದಲ್ಲಿ ಈ ಪದಕ್ಕೆ ಇವತ್ತಿಗೂ ಓಟು ಕಳೆಯೋ ಶಕ್ತಿ ಇರೋದು ಅದಕ್ಕೇ. 2023ರ ಫೆಬ್ರವರಿಯಲ್ಲಿ ಸಂಸತ್ತಿನ ಕೆಳಮನೆ ಸೋಷಿಯಲಿಸಂ ಖಂಡಿಸೋ ನಿರ್ಣಯವನ್ನ 328-86ರಲ್ಲಿ ಪಾಸ್ ಮಾಡ್ತು. ಹೂಂ ಅಂದವರಲ್ಲಿ ನೂರಕ್ಕೂ ಹೆಚ್ಚು ಡೆಮಾಕ್ರಟರೇ ಇದ್ರು.

ಹಾಗಾದ್ರೆ ಗಾಳಿ ತಿರುಗಿದ್ದು ಯಾವಾಗ? ನನ್ನ ಲೆಕ್ಕದಲ್ಲಿ 2008. ಆ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಉಳಿದ ಬ್ಯಾಂಕುಗಳನ್ನ ಉಳಿಸೋಕೆ ಸಂಸತ್ತು 70,000 ಕೋಟಿ ಡಾಲರ್‌ವರೆಗೆ ಖರ್ಚು ಮಾಡೋಕೆ ಒಪ್ಪಿಗೆ ಕೊಡ್ತು. ಇನ್ನೊಂದು ಕಡೆ ಲಕ್ಷಾಂತರ ಜನರ ಮನೆ ಜಪ್ತಿ ಆಗ್ತಿತ್ತು. ನಷ್ಟ ಬಂದಾಗ ಬ್ಯಾಂಕಿಗೆ ಸರ್ಕಾರ, ನಮಗೆ ಮಾತ್ರ ಮಾರುಕಟ್ಟೆಯಾ ಅಂತ ಜನ ಕೇಳೋಕೆ ಶುರು ಮಾಡಿದ್ರು. 2011ರಲ್ಲಿ ‘ಆಕ್ಯುಪೈ ವಾಲ್ ಸ್ಟ್ರೀಟ್’ ಆಯ್ತು. 2016ರಲ್ಲಿ ಬರ್ನಿ ಸ್ಯಾಂಡರ್ಸ್ ತಮ್ಮನ್ನ ಡೆಮಾಕ್ರಟಿಕ್ ಸೋಷಿಯಲಿಸ್ಟ್ ಅಂತ ಕರ್ಕೊಂಡೇ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ 1.3 ಕೋಟಿ ಓಟು ತಗೊಂಡ್ರು. ಇದೇ ಸ್ಯಾಂಡರ್ಸ್ 1979ರಲ್ಲಿ, ಇನ್ನೂ ಯಾರಿಗೂ ಗೊತ್ತಿಲ್ಲದಿದ್ದಾಗ, ಡೆಬ್ಸ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದ್ರು.

ಈಗ ನಿಜವಾದ ಟ್ವಿಸ್ಟ್. ‘ಅಮೆರಿಕದ ಯುವಕರು ಸೋಷಿಯಲಿಸಂ ಕಡೆ ಓಡ್ತಿದ್ದಾರೆ’ ಅನ್ನೋ ಹೆಡ್‌ಲೈನ್ ಓದಿರ್ತೀರಿ. ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ಬಿಚ್ಚಿ ನೋಡಿ. ಸೋಷಿಯಲಿಸಂ ಬಗ್ಗೆ ಒಳ್ಳೆ ಅಭಿಪ್ರಾಯ ಇಟ್ಟುಕೊಂಡವರು 2010ರಲ್ಲಿ ಶೇ. 36. 2018ರಲ್ಲಿ ಶೇ. 37. 2025ರಲ್ಲಿ ಶೇ. 39. ಅಂದ್ರೆ 15 ವರ್ಷದಲ್ಲಿ ಗ್ರಾಫ್ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿದೆ! 18ರಿಂದ 29 ವಯಸ್ಸಿನವರಲ್ಲೂ 2010ರಲ್ಲಿ ಶೇ. 51, 2018ರಲ್ಲೂ ಅಷ್ಟೇ. ಬಿದ್ದಿರೋದು ಇನ್ನೊಂದು ಗೆರೆ. ಬಂಡವಾಳಶಾಹಿ ಬಗ್ಗೆ ಒಳ್ಳೆ ಅಭಿಪ್ರಾಯ ಶೇ. 61ರಿಂದ 54ಕ್ಕೆ ಇಳಿದಿದೆ. ಯುವಕರಲ್ಲಂತೂ ಆ 8 ವರ್ಷದಲ್ಲೇ ಶೇ. 68ರಿಂದ 45ಕ್ಕೆ ಕುಸೀತು. ಹಾಗಾಗಿ ಈ ಅಂಕಿಗಳಲ್ಲಿ ನನಗೆ ಕಾಣೋದು ಹೊಸ ಪ್ರೇಮ ಅಲ್ಲ, ಹಳೇ ಮದುವೆಯ ಬೇಸರ. ಕಾಲೇಜು ಸಾಲ, ಬಾಡಿಗೆ, ಆಸ್ಪತ್ರೆ ಬಿಲ್ಲು ಮೂರೂ ಸೇರಿ ಈ ಬೇಸರ ತಂದಿವೆ.

ಪಕ್ಷದ ಲೆಕ್ಕ ತೆಗೆದ್ರೆ ಎರಡು ಬೇರೆ ದೇಶಗಳೇ ಕಾಣುತ್ತೆ. 2025ರಲ್ಲಿ ಡೆಮಾಕ್ರಟರಲ್ಲಿ ಶೇ. 66 ಜನ ಸೋಷಿಯಲಿಸಂ ಪರ ಇದ್ರೆ, ರಿಪಬ್ಲಿಕನ್ನರಲ್ಲಿ ಶೇ. 14 ಅಷ್ಟೇ.

ಇನ್ನೂ ಒಂದು ಅಂಕಿ ನನ್ನನ್ನ ಬಹಳ ಕಾಡ್ತು. ಸೋಷಿಯಲಿಸಂ ಅಂದ್ರೇನು ಅಂತ ಗ್ಯಾಲಪ್ 1949ರಲ್ಲಿ ಕೇಳಿದಾಗ, ಉದ್ಯಮಗಳು ಸರ್ಕಾರದ ಕೈಯಲ್ಲಿರೋದು ಅಂತ ಹೇಳಿದವರು ಶೇ. 34. 2018ರಲ್ಲಿ ಹಾಗಂದವರು ಶೇ. 17, ಅಂದ್ರೆ ಅರ್ಧಕ್ಕರ್ಧ. ಸಮಾನತೆ ಅಂದವರು ಶೇ. 12ರಿಂದ 23ಕ್ಕೆ ಏರಿದ್ರು. ಪದ ಅದೇ, ಅರ್ಥ ಬದಲಾಯ್ತು. ಸ್ಯಾಂಡರ್ಸ್ ಕೂಡ 2015ರ ಭಾಷಣದಲ್ಲಿ, ಕಾರ್ಖಾನೆ-ಅಂಗಡಿಗಳನ್ನೆಲ್ಲ ಸರ್ಕಾರ ನಡೆಸಬೇಕು ಅಂತ ನಾನು ನಂಬಲ್ಲ ಅಂದು, ರೂಸ್ವೆಲ್ಟ್ ಹೆಸರು ಎತ್ತಿಕೊಂಡ್ರು. ಡೆಬ್ಸ್ ಇದ್ದಿದ್ರೆ ಒಪ್ತಿದ್ರಾ? ಅವರು ಕೇಳಿದ್ದು ರಿಯಾಯಿತಿ ಅಲ್ಲ, ಇಡೀ ವ್ಯವಸ್ಥೆಯ ಬದಲಾವಣೆ. ಮಿಲ್ವಾಕಿಯ ಹೋನ್ ಮಾತ್ರ ತಲೆ ಆಡಿಸ್ತಿದ್ರು ಅನ್ಸುತ್ತೆ. ಮಮ್ದಾನಿ ಭರವಸೆ ನೋಡಿ: ಉಚಿತ ಬಸ್, ಮಕ್ಕಳ ಪಾಲನೆ, ಬಾಡಿಗೆಗೆ ತಡೆ. ಚರಂಡಿ ಸೋಷಿಯಲಿಸಂನ ಮೊಮ್ಮಗು ಇದು.

ಮಮ್ದಾನಿ ಹುಟ್ಟಿದ್ದು 1991ರಲ್ಲಿ, ಸೋವಿಯತ್ ಒಕ್ಕೂಟ ಮುಳುಗಿದ ವರ್ಷ. ಅವರ ಓರಗೆಯವರಿಗೆ ಈ ಪದದ ಜೊತೆ ಬರ್ತಿದ್ದ ಕ್ಷಿಪಣಿಯ ನೆನಪಿಲ್ಲ. ಆ ನೆನಪಿಲ್ಲದಿರೋದು ಒಂದು ಸ್ವಾತಂತ್ರ್ಯ, ಒಂದು ಅಪಾಯ ಕೂಡ. ಹಳೇ ಭಯ ಇಲ್ಲದೆ ಹೊಸ ಪ್ರಶ್ನೆ ಕೇಳಬಹುದು. ಆದ್ರೆ ಆ ಹೆಸರಲ್ಲಿ ಯಾರು ಯಾಕೆ ನರಳಿದ್ರು ಅನ್ನೋದು ಮರೆತ್ರೆ, ಮಯಾಮಿಯ ಆ ಕುಟುಂಬಕ್ಕೆ ಉತ್ತರ ಕೊಡೋಕಾಗಲ್ಲ.

ನಮ್ಮಲ್ಲಿ ಇದು ಪೂರ್ತಿ ಉಲ್ಟಾ. 1976ರಿಂದ ಸಂವಿಧಾನದ ಪೀಠಿಕೆಯಲ್ಲೇ ಸಮಾಜವಾದಿ ಅನ್ನೋ ಪದ ಇದೆ. ಇಲ್ಲಿ ಪಕ್ಷ ನೋಂದಣಿ ಮಾಡಿಸಬೇಕಾದ್ರೆ ಸಮಾಜವಾದಕ್ಕೆ ನಿಷ್ಠೆ ಅಂತ ಬರೆದು ಕೊಡಲೇಬೇಕು. ಎಲ್ಲರೂ ಬರೆದು ಕೊಡ್ತಾರೆ, ಯಾರೂ ಅದರ ಬಗ್ಗೆ ಮಾತಾಡಲ್ಲ. ಅಲ್ಲಿ ಪದಕ್ಕೆ ಬಯ್ದು ಪಿಂಚಣಿ ಇಟ್ಕೊಂಡ್ರು. ನಾವು ಪದ ಇಟ್ಕೊಂಡಿದ್ದೀವಿ. ಪಿಂಚಣಿ, ಆಸ್ಪತ್ರೆ, ಕನಿಷ್ಠ ಕೂಲಿ ಎಷ್ಟು ಜನರಿಗೆ ಸಿಕ್ತಿದೆ ಅಂತ ನಿಮ್ಮ ಮನೆಗೆ ಪಾರ್ಸೆಲ್ ತರೋ ಹುಡುಗನನ್ನ ಒಂದ್ಸಲ ಕೇಳಿ ನೋಡಿ.

ಡೆಬ್ಸ್‌ಗೆ ಕೊನೆಗೆ ಏನಾಯ್ತು ಅಂತ ಹೇಳಿಲ್ಲ ಅಲ್ವಾ? ಅವರನ್ನ 1920ರಲ್ಲಿ ಸೋಲಿಸಿದ ರಿಪಬ್ಲಿಕನ್ ಅಧ್ಯಕ್ಷ ಹಾರ್ಡಿಂಗ್ ಅವರೇ ಶಿಕ್ಷೆ ಕಡಿತ ಮಾಡಿ, 1921ರ ಕ್ರಿಸ್‌ಮಸ್ ದಿನ ಬಿಡಿಸಿದ್ರು. ಹೊರಗೆ ಹೋಗ್ತಿದ್ದ ಡೆಬ್ಸ್‌ಗೆ ಜೈಲೊಳಗಿದ್ದ ಕೈದಿಗಳು ಜೋರಾಗಿ ಜೈಕಾರ ಹಾಕಿದ್ರು. ಮಾರನೇ ದಿನ ಹಾರ್ಡಿಂಗ್ ಅವರನ್ನ ಶ್ವೇತಭವನಕ್ಕೆ ಕರೆಸಿಕೊಂಡು ಮಾತಾಡಿಸಿದ್ರು. ಇಷ್ಟು ಕಿತ್ತಾಟದ ಮಧ್ಯೆಯೂ ಎದುರಾಳಿಯನ್ನ ಕೂರಿಸಿ ಮಾತಾಡಿಸೋಕೆ ಜಾಗ ಇತ್ತು ಅನ್ನೋದನ್ನೂ ನೆನಪಿಟ್ಕೊಳ್ಳೋಣ.

ಇವತ್ತಿಗೆ ಇಷ್ಟು. ನಿಮ್ಮ ಅಭಿಪ್ರಾಯ ಬೇರೆ ಇದ್ರೆ ಖಂಡಿತ ಬರೀರಿ, ಓದ್ತೀನಿ. ಮುಂದಿನ ಎಪಿಸೋಡಲ್ಲಿ ಸಿಗೋಣ.