ನಾರು ಹುಣ್ಣು ಹೋದ ದಾರಿ



ಉದಗೀರ, ನಿಲಂಗಾ, ಉಮರ್ಗಾ ಭಾಗದ ಇಂದಿನ ಹುಡುಗರಿಗೆ ನಾರು ಎಂದರೆ ಪುಂಡಿಯ ನಾರು. ಐವತ್ತು ದಾಟಿದವರಿಗೆ ಅದು ಒಂದು ಬೇನೆಯ ಹೆಸರೂ ಹೌದು. ಕನ್ನಡದಲ್ಲಿ ನಾರು ಹುಣ್ಣು, ಮರಾಠಿಯಲ್ಲಿ ನಾರೂ. ಎರಡು ಭಾಷೆಗೂ ಹೆಸರು ಒಂದೇ, ನೋವೂ ಒಂದೇ.

ನಿಜಾಮರ ಕಾಲದಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಅವು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂದವು. ಬೀದರ, ಭಾಲ್ಕಿ ಮೈಸೂರು ರಾಜ್ಯಕ್ಕೆ ಹೋದವು. ನಡುವೆ ಗಡಿ ಬಂತು. ಆದರೆ ಬೀಗತನ ತಪ್ಪಲಿಲ್ಲ, ಬೇನೆಯೂ ತಪ್ಪಲಿಲ್ಲ.

ಈ ಬೇನೆಯ ಗುಟ್ಟೆಲ್ಲ ನೀರಿನಲ್ಲಿತ್ತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಹುಳದ ಹೊಟ್ಟೆಯಲ್ಲಿ ನಾರು ಹುಳದ ಮರಿ ಇರುತ್ತಿತ್ತು. ಆ ನೀರು ಕುಡಿದವನಿಗೆ ಸುಮಾರು ಒಂದು ವರ್ಷ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಕಾಲಿನಲ್ಲಿ ಗುಳ್ಳೆ ಎದ್ದು, ಬೆಂಕಿ ಬಿದ್ದಂತೆ ಉರಿದು, ಎರಡು ಮೂರು ಅಡಿ ಉದ್ದದ ಬಿಳಿ ಹುಳು ಹೊರಗೆ ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ಉರಿ ತಾಳದೆ ಕಾಲನ್ನು ಬಾವಿಯ ನೀರಿಗೆ ಇಳಿಸಿದರೆ ಹುಳು ಸಾವಿರಾರು ಮರಿಗಳನ್ನು ಅಲ್ಲಿಯೇ ಬಿಡುತ್ತಿತ್ತು. ಮುಂದಿನ ವರ್ಷದ ರೋಗಿಗಳು ಹೀಗೆ ಈ ವರ್ಷವೇ ತಯಾರಾಗುತ್ತಿದ್ದರು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಮೆಟ್ಟಿಲು ಬಾವಿ, ಅಂದರೆ ಮರಾಠಿಯ ಬಾರವ. ಬೇಸಿಗೆಯಲ್ಲಿ ನೀರು ತಳಕ್ಕೆ ಹೋದಾಗ ಕೊನೆಯ ಪಾವಟಿಗೆಯವರೆಗೆ ಇಳಿದು, ಮೊಣಕಾಲು ನೀರಿನಲ್ಲಿ ನಿಂತು ಕೊಡ ತುಂಬಬೇಕಾಗಿತ್ತು. ಆ ಕೆಲಸ ಹೆಣ್ಣುಮಕ್ಕಳದು. ಬೇನೆ ಹೆಚ್ಚಾಗಿ ಏಳುತ್ತಿದ್ದದ್ದೂ ಬೇಸಿಗೆಯಲ್ಲಿಯೇ. ಆದ್ದರಿಂದ ಮಿರಗದ ಮಳೆ ಬಿದ್ದಾಗ ಎಷ್ಟೋ ರೈತರು ಹೊಲಕ್ಕೆ ಹೋಗಲಾರದೆ ಮನೆಯಲ್ಲಿ ಮಲಗಿರುತ್ತಿದ್ದರು. ನಾರು ಜೀವ ತೆಗೆಯುವುದು ಅಪರೂಪ, ಆದರೆ ಬಿತ್ತನೆ ತಪ್ಪಿದ ಮನೆಗೆ ಒಂದು ವರ್ಷದ ಅನ್ನ ಹೋಗುತ್ತಿತ್ತು. ಬ್ಯಾಂಕಿನ ಸಾಲದ ವಹಿಯಲ್ಲಿ ಅಂಥವನ ಹೆಸರಿನ ಮುಂದೆ ‘ಬಾಕಿ’ ಎಂದು ಬರೆದಿರುತ್ತಿತ್ತು. ಕಾರಣಕ್ಕೆ ಆ ವಹಿಯಲ್ಲಿ ಕಾಲಮ್ಮೇ ಇರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ದಲಿತರಿಗೆ ಎಷ್ಟೋ ಊರುಗಳಲ್ಲಿ ಬಾವಿಯ ಮೆಟ್ಟಿಲು ಇಳಿಯುವ ಹಕ್ಕಿರಲಿಲ್ಲ. ಡಾ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ಇದೇ ಹಕ್ಕಿಗಾಗಿ. ನಮ್ಮ ಕಡೆಯೂ ಅವರು ಮೇಲೆ ನಿಂತು, ಯಾರಾದರೂ ಕೊಡಕ್ಕೆ ಸುರಿದರೆ ಒಯ್ಯಬೇಕಾಗಿತ್ತು. ಬಾವಿಗೆ ಕಾಲಿಟ್ಟವರು ಬೇರೆಯವರು. ಕಾಲಿಡದವರ ಪಾಲಿಗೂ ನಾರು ಬಂತು. ಮೈಲಿಗೆ ಎಂದು ತಡೆದದ್ದು ಮನುಷ್ಯನನ್ನು, ಹುಳುವನ್ನಲ್ಲ.

ಇಂಥ ಬೇನೆ ಹೇಗೆ ಹೋಯಿತು? ಇದಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಒಮ್ಮೆ ಬಂದವನಿಗೆ ಮತ್ತೆ ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಬದಲಾದದ್ದು ನೀರು ತರುವ ರೀತಿ. 1972ರ ಬರಗಾಲದ ಆಚೀಚೆ ನಮ್ಮ ಕರಿಕಲ್ಲಿನ ನೆಲದಲ್ಲಿ ಕೊಳವೆ ಬಾವಿಗಳು ಹೆಚ್ಚಿದವು. ಮೊದಲು ಬಂದ ಬೀಡಿನ ಪಂಪುಗಳು ಊರಿನವರೆಲ್ಲ ಹೊಡೆದರೆ ಬೇಗ ಕೆಡುತ್ತಿದ್ದವು. ಗಟ್ಟಿಯಾದ ಉಕ್ಕಿನ ಪಂಪು ರೂಪುಗೊಂಡದ್ದು ನಮ್ಮ ನೆರೆಯಲ್ಲೇ, ಜಾಲನಾ ಮತ್ತು ಸೊಲ್ಲಾಪುರದಲ್ಲಿ. ಸೊಲ್ಲಾಪುರದ ಪಂಪನ್ನೇ ಆಧಾರ ಮಾಡಿಕೊಂಡು, ಯುನಿಸೆಫ್ ನೆರವಿನಿಂದ 1970ರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್ 2’ ಬಂತು. ನಾವು ಅದನ್ನು ಬೋರಿಂಗ್ ಎಂದೆವು, ಮರಾಠಿಯವರು ಹಾಪ್ಸಾ ಎಂದರು. ಅದರ ನೀರಿಗೆ ಯಾರ ಕಾಲೂ ತಾಗುವುದಿಲ್ಲ.

1983-84ರಲ್ಲಿ ಕೇಂದ್ರ ಸರಕಾರ ನಾರು ನಿರ್ಮೂಲನ ಕಾರ್ಯಕ್ರಮ ಹಾಕಿಕೊಂಡಿತು. ಆಗ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ರಾಜಸ್ಥಾನ ಮೊದಲಾದ ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಮನೆ ಮನೆ ತಿರುಗಿ ರೋಗಿಗಳನ್ನು ಹುಡುಕಿದರು; ಬಾವಿಗೆ ನೀರುಹುಳ ಸಾಯುವ ಔಷಧಿ ಹಾಕಿದರು; ಮೆಟ್ಟಿಲು ಮುಚ್ಚಿಸಿ ಸೇದುವ ಬಾವಿ ಮಾಡಿಸಿದರು. ಕೊಡದ ಬಾಯಿಗೆ ಇಮ್ಮಡಿ ಬಟ್ಟೆ ಕಟ್ಟಿ ಸೋಸಿರಿ ಎಂದು ಕಲಿಸಿದರು. ಗಡಿಯ ಒಂದೇ ಕಡೆ ಮಾಡಿದ್ದರೆ ಸಾಲುತ್ತಿರಲಿಲ್ಲ. ತವರಿಗೆ ಹೊರಟ ಮಗಳ ಕಾಲಿನೊಡನೆ ಹುಳುವೂ ಇನ್ನೊಂದು ರಾಜ್ಯದ ಬಾವಿಗೆ ಹೋಗುತ್ತಿತ್ತು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಮುಕ್ತ ಎಂದು ಸಾರಿತು.

ನಾರು ಹೋಯಿತು, ನೀರಿನ ಚಿಂತೆ ಹೋಗಲಿಲ್ಲ. 2016ರ ಬೇಸಿಗೆಯಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ನಳಕ್ಕೆ ದಿನಗಟ್ಟಲೆ ನೀರು ಬಾರದಿದ್ದರೆ ಜನ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ಮುಚ್ಚದ ಪೀಪಾಯಿಯಲ್ಲಿ ಡೆಂಗಿಯ ಸೊಳ್ಳೆ ಹುಟ್ಟುತ್ತದೆ. ಆದ್ದರಿಂದ ಬೇನೆ ಬಿದ್ದವನಿಗೆ ‘ಏನು ತಿಂದಿದ್ದಿ?’ ಎಂದು ಬೈಯುವ ಮೊದಲು, ‘ನಿಮ್ಮ ಓಣಿಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ?’ ಎಂದು ಕೇಳಬೇಕು. ನಾರು ಹುಣ್ಣನ್ನು ಓಡಿಸಿದ್ದು ಇದೇ ಪ್ರಶ್ನೆ. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಲು ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ.