ಎಷ್ಟನೇ ಬೋರ್?

ಹಳೆಯ ಜಾವಾ ಬೈಕು ಕೊಳ್ಳಲು ಹೋದ ಜಾಣ ಸ್ಪೀಡೋಮೀಟರನ್ನು ನಂಬುವುದಿಲ್ಲ. ಓಡಿದ ಕಿಲೋಮೀಟರ್ ತೋರಿಸಲು ಅದರಲ್ಲಿ ಇರುವುದು ಐದೇ ಅಂಕಿ. 99,999 ದಾಟಿತೆಂದರೆ ಮತ್ತೆ ಸೊನ್ನೆ. ಒಮ್ಮೆ ಸುತ್ತಿ ಬಂದಿದೆಯೋ, ಮೂರು ಸಲವೋ, ಹೇಳುವವರಿಲ್ಲ. ಎಷ್ಟೋ ಗಾಡಿಗಳಲ್ಲಿ ಕೇಬಲ್ ತುಂಡಾಗಿ ಮುಳ್ಳು ಮಲಗಿ ವರ್ಷಗಳೇ ಆಗಿರುತ್ತವೆ. ಬಲ್ಲವರು ಕೇಳುವ ಪ್ರಶ್ನೆ ಬೇರೆ: ‘ಎಷ್ಟನೇ ಬೋರ್?’

ಜಾವಾ 250ರ ಎರಕದ ಕಬ್ಬಿಣದ ಸಿಲಿಂಡರಿನ ಒಳವ್ಯಾಸ ಕಾರ್ಖಾನೆಯಿಂದ ಬಂದಾಗ 65 ಮಿಲಿಮೀಟರ್. ಪಿಸ್ಟನ್ ವರ್ಷಗಟ್ಟಲೆ ಉಜ್ಜಿ ಒಳಗೋಡೆ ಸವೆದ ಮೇಲೆ ಎಂಜಿನ್ ಕಟಕಟ ಎನ್ನತೊಡಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಆಗ ಬ್ಲಾಕ್ ಬಿಚ್ಚಿ ಲೇತ್ ಅಂಗಡಿಗೆ ಒಯ್ದು, ಒಳಗೋಡೆಯನ್ನು ಕಾಲು ಮಿಲಿಮೀಟರಿನಷ್ಟು ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಇದು ಒಂದನೇ ಬೋರ್. ಹೀಗೇ ಎರಡನೆಯದು, ಮೂರನೆಯದು. ಗೋಡೆ ಇನ್ನು ತಾಳದು ಎನ್ನುವಾಗ ಹೊಸ ಸ್ಲೀವ್ ಕೂರಿಸುತ್ತಾರೆ. ಲೆಕ್ಕ ಮತ್ತೆ ಮೊದಲಿನಿಂದ. ಚೆನ್ನಾಗಿ ನೋಡಿಕೊಂಡವನ ಕೈಯಲ್ಲಿ ಒಂದು ಬೋರ್ ಹತ್ತಾರು ಸಾವಿರ ಕಿಲೋಮೀಟರ್ ಬರುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಲು ಜಿಪುಣತನ ಮಾಡಿದವನ ಕೈಯಲ್ಲಿ ಅದು ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗಬಹುದು.

ಮೈಸೂರಿನಲ್ಲಿ ಹುಟ್ಟಿದ ಈ ಗಾಡಿ ಅರವತ್ತು ವರ್ಷ ಕಳೆದರೂ ರಸ್ತೆಯಲ್ಲಿ ಉಳಿದಿರುವುದರ ಗುಟ್ಟು ಇಲ್ಲೇ ಇದೆ. ಅದು ಸವೆಯದ ಯಂತ್ರವಾಗಿರಲಿಲ್ಲ. ಸವೆದದ್ದನ್ನು ಸರಿಮಾಡಲು ಬರುವ ಯಂತ್ರವಾಗಿತ್ತು. ಆ ಕೆಲಸ ಗೊತ್ತಿದ್ದವರು ಊರೂರಲ್ಲೂ ಇದ್ದರು.

ಇದರ ಮೂಲ ಜೆಕ್ ನಾಡು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡು ಕೆಲಸ ಶುರುಮಾಡಿದ. ಎರಡನೇ ಮಹಾಯುದ್ಧದ ಕಾಲದಲ್ಲಿ ದೇಶ ಜರ್ಮನರ ಹಿಡಿತದಲ್ಲಿದ್ದಾಗ ಅವನ ಎಂಜಿನಿಯರುಗಳು ಗುಟ್ಟಾಗಿ ಒಂದು 250 ಸಿಸಿ ಗಾಡಿಯನ್ನು ರೂಪಿಸಿದರು. 1946ರಲ್ಲಿ ಅದು ಜಗತ್ತಿನ ಮುಂದೆ ಬಂತು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಟು ಆಗಲೇ ಅದರಲ್ಲಿತ್ತು. ಐವತ್ತರ ದಶಕದ ನಡುವೆ ಬಂದ ಅದರ ಮುಂದಿನ ರೂಪವೇ ಮೈಸೂರಿಗೆ ಇಳಿದದ್ದು.

ಇಳಿಸಿದವರು ಪಾರ್ಸಿಗಳು. ಮುಂಬಯಿಯಲ್ಲಿ ಜಾವಾಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದ ಇರಾನಿ ಕುಟುಂಬಕ್ಕೆ ಐವತ್ತರ ದಶಕದಲ್ಲಿ ಸರ್ಕಾರ ಆಮದಿನ ಬಾಗಿಲು ಮುಚ್ಚಿದಾಗ ಇಲ್ಲಿಯೇ ತಯಾರಿಸುವುದೊಂದೇ ದಾರಿಯಾಯಿತು. ರುಸ್ತುಂ ಮತ್ತು ಫರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿ, ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತೆರೆದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲ ಇದಕ್ಕಿತ್ತು. 1961ರಿಂದ ಗಾಡಿಗಳು ಹೊರಬರತೊಡಗಿದವು. ಜೆಕ್ ಕಂಪನಿಯ ಪರವಾನಗಿಯ ಅವಧಿ ಮುಗಿದು 1973ರ ಹೊತ್ತಿಗೆ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಒಳಗಿನ ಎಂಜಿನ್ ಹೆಚ್ಚು ಬದಲಾಗಲಿಲ್ಲ. 1978ರ ರೋಡ್‌ಕಿಂಗ್ ಹುಡುಗರ ಕನಸಿನ ಗಾಡಿಯಾಯಿತು.

ಆ ಕಾಲದಲ್ಲಿ ಆಯ್ಕೆ ಎಷ್ಟಿತ್ತು? ಮದ್ರಾಸಿನ ಬುಲೆಟ್, ಪೋಲೆಂಡಿನ ಮಾದರಿಯ ರಾಜದೂತ್, ಮೈಸೂರಿನ ಜಾವಾ. ಅಷ್ಟೇ ಎನ್ನಬಹುದು. ಕೊಂಡ ಗಾಡಿಯನ್ನು ಐದು ವರ್ಷಕ್ಕೆ ಮಾರಿ ಇನ್ನೊಂದು ತರುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಹಾಲಿನ ಕ್ಯಾನು, ಕಾಫಿ ಮೂಟೆ, ಹೆಂಡತಿ, ಎರಡು ಮಕ್ಕಳು, ಎಲ್ಲಕ್ಕೂ ಅದೇ ಒಂದು ಗಾಡಿ.

ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಹೆಡ್ ಬಿಚ್ಚಲು ಸ್ಪ್ಯಾನರ್ ಹಿಡಿಯಲು ಬಂದರೆ ಸಾಕು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದದ್ದು ನೋಟಕ್ಕೂ ಸದ್ದಿಗೂ ಮೆರುಗು ಕೊಟ್ಟಿತು. ಕಿಕ್ಕರ್ರೇ ತಿರುಗಿ ಗೇರ್ ಲಿವರ್ ಆಗುವ ಚಮತ್ಕಾರವನ್ನು ಇಂದಿಗೂ ಹುಡುಗರು ನಿಂತು ನೋಡುತ್ತಾರೆ. ಆದರೆ ಬಾಳಿಕೆಯ ಮಟ್ಟಿಗೆ ದೊಡ್ಡ ಉಪಕಾರ ಮಾಡಿದ್ದು ಯಾರ ಕಣ್ಣಿಗೂ ಬೀಳದ ಚೈನ್ ಕವರ್. ಚೈನು, ಸ್ಪ್ರಾಕೆಟ್ಟುಗಳು ಪೂರ್ತಿ ಮುಚ್ಚಿಕೊಂಡಿದ್ದರಿಂದ ಬಯಲುಸೀಮೆಯ ಧೂಳಾಗಲಿ ಮಲೆನಾಡಿನ ಕೆಸರಾಗಲಿ ಒಳಗೆ ಹೋಗುತ್ತಿರಲಿಲ್ಲ. ಈಗಿನ ಬೈಕುಗಳ ಬೆತ್ತಲೆ ಚೈನು ನೋಡಿದರೆ ತಯಾರಕರು ಇದನ್ನು ಏಕೆ ಕೈಬಿಟ್ಟರೋ ಎನಿಸುತ್ತದೆ.

ಇಷ್ಟಾದರೂ ಜಾವಾ ತನ್ನಷ್ಟಕ್ಕೆ ಓಡುವ ಗಾಡಿಯಲ್ಲ. ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಬೇಕು: ಲೀಟರಿಗೆ 40 ಮಿಲಿಲೀಟರಿನ ಆಸುಪಾಸು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹಿಂದೆ ಬರುವವರಿಗೆ ಹೊಗೆ, ಒಳಗೆ ಕಾರ್ಬನ್. ಪಿಸ್ಟನ್ನಿನ ತಲೆ, ಹೆಡ್ಡಿನ ಒಳಭಾಗ, ಹೊಗೆ ಹೋಗುವ ದಾರಿ, ಸೈಲೆನ್ಸರಿನ ಬ್ಯಾಫಲ್, ಎಲ್ಲೆಲ್ಲೂ ಕಪ್ಪು ಹೆಕ್ಕಳೆ ಕಟ್ಟಿ ಗಾಡಿಗೆ ಉಬ್ಬಸ ಹಿಡಿಯುತ್ತದೆ. ಆಗ ಹೆಡ್ ಬಿಚ್ಚಿ ಕೆರೆಯಬೇಕು, ಬ್ಯಾಫಲ್ ಎಳೆದು ಬೆಂಕಿಯಲ್ಲಿ ಸುಡಬೇಕು, ಸೈಲೆನ್ಸರಿಗೆ ಕಾಸ್ಟಿಕ್ ಸೋಡಾ ನೀರು ತುಂಬಿ ರಾತ್ರಿಯಿಡೀ ಬಿಡಬೇಕು. ಪ್ಲಗ್ ಉಜ್ಜುವುದು, ಕಾಂಟ್ಯಾಕ್ಟ್ ಪಾಯಿಂಟಿನ ಸಂದು 0.4 ಮಿಲಿಮೀಟರಿಗೆ ಸರಿಮಾಡುವುದು ಭಾನುವಾರ ಬೆಳಗಿನ ಕೆಲಸ. ಮೆಕ್ಯಾನಿಕ್ಕಿನ ಹತ್ತಿರ ಹೋಗುತ್ತಿದ್ದದ್ದು ಬೋರಿಗೆ, ಕ್ರ್ಯಾಂಕ್ ಕೆಲಸಕ್ಕೆ. ಮುಂದೆ ‘ಆಯಿಲ್ ಕಿಂಗ್’ ಮಾದರಿಯಲ್ಲಿ ಎಣ್ಣೆಗೆಂದೇ ಪಂಪ್ ಬಂದರೂ ಅಳತೆ ಡಬ್ಬಿಯನ್ನು ನಂಬಿದವರೇ ಹೆಚ್ಚು.

ಓಡಿಸುವುದರಲ್ಲೂ ಕಲಿಯಬೇಕಾದದ್ದಿತ್ತು. ಆಗುಂಬೆಯೋ ಚಾರ್ಮಾಡಿಯೋ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಬಂದರೆ ಪೆಟ್ರೋಲ್ ಒಳಗೆ ಹೋಗುವುದು ತೀರಾ ಕಡಿಮೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಇಳಿಜಾರಿನಲ್ಲಿ, ಗಾಡಿಗೆ ಶ್ರಮವೇ ಇಲ್ಲ ಅಂದುಕೊಂಡಿರುವಾಗಲೇ, ಪಿಸ್ಟನ್ ಒಣಗಿ ಸವೆಯುತ್ತಿರುತ್ತದೆ. ಅನುಭವಸ್ಥರು ನಡುನಡುವೆ ಎಕ್ಸಲರೇಟರನ್ನು ಒಮ್ಮೆ ತಿರುವಿ ‘ಎಣ್ಣೆ ಕುಡಿಸುತ್ತಿದ್ದರು’. ಹೊಸ ಬೋರ್ ಮಾಡಿಸಿದ ಮೇಲಿನ ಮೊದಲ ಐನೂರು, ಸಾವಿರ ಕಿಲೋಮೀಟರಂತೂ ಬಾಣಂತನವೇ: ವೇಗ ಇಲ್ಲ, ಹಿಂದೆ ಭಾರ ಇಲ್ಲ, ಒಂದೇ ಸಮ ದೂರದ ಓಟ ಇಲ್ಲ.

ಓಡಿ ಹಾಳಾದ ಜಾವಾಗಳಿಗಿಂತ ನಿಂತು ಹಾಳಾದವು ಹೆಚ್ಚು ಎಂದು ಹಳೆಯ ಮೆಕ್ಯಾನಿಕ್ಕುಗಳು ಹೇಳುವುದುಂಟು. ಅದರಲ್ಲಿ ಉತ್ಪ್ರೇಕ್ಷೆ ಇರಬಹುದು, ಕಾರಣ ಮಾತ್ರ ಸರಿಯಾದದ್ದು. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೇಸಿನಲ್ಲಿ ಒತ್ತಡಕ್ಕೆ ಸಿಕ್ಕಿ ಆಮೇಲೆ ಮೇಲಕ್ಕೆ ಹೋಗುತ್ತವೆ. ಹಾಗಾಗಿ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಬಿಗಿಯಾಗಿರಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಗಟ್ಟಿಯಾಗಿ ಗಾಳಿ ನುಸುಳುತ್ತದೆ, ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಬೇರಿಂಗಿಗೆ ತುಕ್ಕು, ಕಾರ್ಬುರೇಟರಿನ ಜೆಟ್ಟಿಗೆ ಅಂಟು, ಬ್ಯಾಟರಿಗೆ ಸಾವು. ದಿನಾ ಹಾಲು ಹಾಕಲು ಹೋಗುವ ಗಾಡಿಗೆ ಈ ಯಾವ ಕಾಯಿಲೆಯೂ ಬರುವುದಿಲ್ಲ.

ಒಂದೇ ಗಾಡಿಯ ದೀರ್ಘ ಓಟಕ್ಕೆ ಬೇರೆ ದೇಶಗಳಲ್ಲಿ ದಾಖಲೆಗಳಿವೆ. ಅರ್ಜೆಂಟೀನಾದ ಎಮಿಲಿಯೊ ಸ್ಕಾಟೊ 1985ರಿಂದ 1995ರವರೆಗೆ ಒಂದೇ ಹೋಂಡಾ ಗೋಲ್ಡ್‌ವಿಂಗ್ ಮೇಲೆ 7,35,000 ಕಿಲೋಮೀಟರ್ ಸುತ್ತಿ ಗಿನ್ನೆಸ್ ಪುಸ್ತಕ ಸೇರಿದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಆಗಿದ್ದ ಡೇವ್ ಝೀನ್ ತನ್ನ 1991ರ ಹಾರ್ಲೆ-ಡೇವಿಡ್‌ಸನ್ನಿನಲ್ಲಿ 2009ರ ಹೊತ್ತಿಗೆ ಹತ್ತು ಲಕ್ಷ ಮೈಲಿ, ಅಂದರೆ ಸುಮಾರು 16 ಲಕ್ಷ ಕಿಲೋಮೀಟರ್ ಮುಟ್ಟಿದ. ನಮ್ಮಲ್ಲಿ ಬರೆದಿಟ್ಟ ಲೆಕ್ಕವಿಲ್ಲ. ಇರುವುದು ಲೇತ್ ಅಂಗಡಿಯವನ ನೆನಪು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ನಾಲ್ಕು ಸ್ಟ್ರೋಕಿನ ಪುಟ್ಟ ಎಂಜಿನ್, ಎಣ್ಣೆ ಬೆರೆಸುವ ಗೋಜಿಲ್ಲ, ಒಂದು ಲೀಟರಿಗೆ ಜಾವಾಕ್ಕಿಂತ ಎಷ್ಟೋ ದೂರ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಜಾಹೀರಾತು. ಯೆಜ್ಡಿಯ ಜಾಹೀರಾತು ‘ಎಂದೆಂದಿಗೂ’ ಎನ್ನುತ್ತಿತ್ತು. ಜನ ಮರೆಯುವ ಸುಖವನ್ನೇ ಆರಿಸಿಕೊಂಡರು. ಅದು ತಪ್ಪೆನ್ನಲಾಗದು, ಭಾನುವಾರವೆಲ್ಲ ಕೈಗೆ ಮಸಿ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರಬೇಕಿಲ್ಲ. ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಮಿಕರ ತಗಾದೆ, ಸಾಲ ಸೇರಿಕೊಂಡವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಹೋದರೂ ಗಾಡಿ ಹೋಗಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ; ಬೆಂಗಳೂರು, ಮೈಸೂರುಗಳಲ್ಲಿ ‘ಎಂವೈ’ ಎಂದು ಶುರುವಾಗುವ ಹಳೆಯ ನಂಬರ್ ಪ್ಲೇಟುಗಳು ಸಾಲುಗಟ್ಟುತ್ತವೆ. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತು, ಆದರೆ ಈ ಬಾರಿ ಮಧ್ಯಪ್ರದೇಶದ ಪೀಥಂಪುರದಿಂದ, ನೀರಿನಿಂದ ತಣಿಯುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನೊಂದಿಗೆ. ಹಳೆಯದರ ಪಿಸ್ಟನ್ ಇದಕ್ಕೆ ಕೂರುವುದಿಲ್ಲ.

ಅಜ್ಜನದೋ ಮಾವನದೋ ಜಾವಾ ನಿಮ್ಮ ಮನೆಯ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ನಿಂತಿದ್ದರೆ ಉತ್ಸಾಹದಲ್ಲಿ ಕಿಕ್ ಹೊಡೆಯಬೇಡಿ. ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ಬಿಚ್ಚಿ ತೊಳೆಸಿ, ಆಯಿಲ್ ಸೀಲುಗಳನ್ನೂ ಗೇರ್ ಆಯಿಲನ್ನೂ ಬದಲಾಯಿಸಿ. ನೋಂದಣಿಯ ಹದಿನೈದು ವರ್ಷ ಎಂದೋ ಮುಗಿದಿರುತ್ತದೆ. ಆರ್‌ಟಿಒ ಕಚೇರಿಯಲ್ಲಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬಹುದು. ಬೋರ್ ಮಾಡುವ ಹಿರಿಯ ಮೆಕ್ಯಾನಿಕ್ಕುಗಳು ಇನ್ನೂ ಇರುವಾಗಲೇ ಈ ಕೆಲಸ ಮುಗಿಸಿ, ಆಮೇಲೆ ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಓಡಿಸಿ.